ದಿಮ್ಮಿ ಕಾಣದ ಆನೆ ಕ್ಯಾಂಪು

‘ದಿ ಎಲಿಫೆಂಟ್ ವಿಸ್ಪರರ್ಸ್’ಗೆ 2023ರಲ್ಲಿ ಆಸ್ಕರ್ ಬಂದಾಗ ಹೊಗಳಿಕೆಯೆಲ್ಲ ಆನೆಮರಿಗಳನ್ನು ಸಾಕಿದ ಬೊಮ್ಮನ್‌–ಬೆಳ್ಳಿ ದಂಪತಿಯ ಮಮತೆಗೆ ಸಂದಿತು. ಆ ಮಮತೆ ನಿಜ, ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವೆಸ್ ಅದನ್ನು ತಾಳ್ಮೆಯಿಂದ ಹಿಡಿದಿದ್ದಾರೆ. ಆದರೆ ಸುಮಾರು 40 ನಿಮಿಷದ ಈ ಸಾಕ್ಷ್ಯಚಿತ್ರವನ್ನು ರಾಯಚೂರಿನಲ್ಲಿ ಕುಳಿತು ಎರಡನೇ ಸಲ ನೋಡಿದಾಗ ನನ್ನನ್ನು ಕಾಡಿದ್ದು ಅದರಲ್ಲಿ ಇಲ್ಲದ ಕೆಲಸ.

ಚಿತ್ರ ನಡೆಯುವ ತೆಪ್ಪಕಾಡು ಆನೆ ಕ್ಯಾಂಪು ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿದೆ. ದಂಪತಿಯ ಸಮುದಾಯವಾದ ಕಾಟುನಾಯಕರ ನುಡಿಯೂ ಕನ್ನಡಕ್ಕೆ ಹತ್ತಿರದ್ದು. ಬೊಮ್ಮ, ಬೆಳ್ಳಿ ಎಂದರೆ ನಮ್ಮೂರ ಹೆಸರೇ ಅನಿಸುತ್ತದೆ. ಹಿಂದೆ ಆ ಕ್ಯಾಂಪಿನಲ್ಲಿ ಆನೆಗಳನ್ನು ಸಾಕುತ್ತಿದ್ದುದು ನಾಟಾ ಎಳೆಸಲಿಕ್ಕೆ. ಮಾವುತನ ಸಹಾಯಕನಾದ ಕಾವಾಡಿ ನೆಲದಲ್ಲಿ ನಿಂತು ದಿಮ್ಮಿ ಬಿಗಿಯಬೇಕು. ಮಾವುತ ಕತ್ತಿನ ಮೇಲೆ ಕುಳಿತು, ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ಆನೆಯನ್ನು ತಿರುಗಿಸಬೇಕು. ಇಳಿಜಾರಿನಲ್ಲಿ ದಿಮ್ಮಿ ಜಾರಿ ಹಿಂಗಾಲಿಗೆ ಬಡಿಯದಂತೆ ಇಬ್ಬರೂ ಆನೆಯೂ ಒಂದೇ ಉಸಿರಿನಲ್ಲಿ ನಡೆಯಬೇಕು. ಆನೆಯ ಮನಸ್ಸು ತಿಳಿಯುವ ವಿದ್ಯೆ ಹದಗೊಂಡಿದ್ದು ಈ ದುಡಿಮೆಯಲ್ಲೂ ಹೌದು. ಚಿತ್ರ ಅದನ್ನು ತಲೆಮಾರುಗಳ ಪ್ರೀತಿ ಎಂದಷ್ಟೇ ತೋರಿಸುತ್ತದೆ.

ದಂಪತಿ ಸಾಕಿದ ಆನೆಮರಿ ರಘುವನ್ನು ಬೇರೆಯವರ ವಶಕ್ಕೆ ಕೊಡುವ ಭಾಗವನ್ನೇ ನೋಡಿ. ತೀರ್ಮಾನ ಅರಣ್ಯ ಇಲಾಖೆಯದು. ಅದನ್ನು ಚಿತ್ರ ಎರಡು ಮಾತಿನಲ್ಲಿ ದಾಟಿಸಿ ದಂಪತಿಯ ಅಳಲಿಗೆ ಇಳಿದುಬಿಡುತ್ತದೆ. ಆಮೇಲೆ ಅವರೇ ಸಾಕುವ ಇನ್ನೊಂದು ಮರಿ ಅಮ್ಮುವಿನ ಕೊರಗು. ಆನೆ ಇಲಾಖೆಯದು, ಸಾಕುವವರು ಅದರ ಕೆಲಸದವರು. ಈ ಸಂಬಂಧವನ್ನು ಮೊದಲೇ ಬಿಡಿಸಿಟ್ಟಿದ್ದರೆ ಬೆಳ್ಳಿಯ ಕಣ್ಣೀರಿಗೆ ಇನ್ನೊಂದು ಭಾರ ಬರುತ್ತಿತ್ತು. ಸಾಕಿದವರ ಮಾತನ್ನು ಯಾರಾದರೂ ಕೇಳಿದರೇ? ಕ್ಯಾಮೆರಾ ಆ ಕಡೆ ತಿರುಗುವುದೇ ಇಲ್ಲ. ಅಗಲಿಕೆ ವಿಧಿಯಂತೆ ಕಾಣುತ್ತದೆ, ಆಜ್ಞೆಯಂತೆ ಅಲ್ಲ.

ಪ್ರೀತಿಯ ಚಿತ್ರದಲ್ಲಿ ಸಂಬಳ–ಸರಪಳಿಯ ಮಾತೇಕೆ ಎನ್ನುವ ವಿಮರ್ಶಕರನ್ನು ನಾನು ಒಪ್ಪಲಾರೆ. ದೇವದುರ್ಗ, ಮಾನ್ವಿ ಕಡೆ ಬಳ್ಳಾರಿ ಜಾಲಿ ಕಡಿಯುವವರ ಬಳಿ ಒಂದು ಹೊತ್ತು ಕಳೆದವರಿಗೆ ಏಕೆಂದು ತಿಳಿಯುತ್ತದೆ. ಯಾವ ಟೊಂಗೆ ಮೊದಲು ಕಡಿದರೆ ಮುಳ್ಳು ಮೈಮೇಲೆ ಬೀಳದು, ಭಟ್ಟಿಗೆ ಎಷ್ಟು ಮಣ್ಣು ಮೆತ್ತಿದರೆ ಕಟ್ಟಿಗೆ ಬೂದಿಯಾಗದೆ ಇದ್ದಿಲಾಗುತ್ತದೆ, ಇದೆಲ್ಲ ಅವರ ಕೈಗೆ ಗೊತ್ತು. ಕೊಡಲಿಯನ್ನು ಮರೆಗಿಟ್ಟು ಅವರ ಮುಖವನ್ನಷ್ಟೇ ತೋರಿಸಿದರೆ ನಮಗೆ ಮರುಕ ಹುಟ್ಟೀತು, ಗೌರವ ಹುಟ್ಟದು. ಮರುಕವನ್ನೇ ಕಲೆಯ ಅಳತೆಗೋಲು ಮಾಡಿಕೊಂಡ ನಮ್ಮ ಸಿನಿಮಾ ಬರಹಕ್ಕೆ ಈ ವ್ಯತ್ಯಾಸ ಕಾಣದಾಗಿದೆ.

ಬೆಳ್ಳಿ ರಘುವಿಗೆ ಉಣಿಸುವ ಕಡೆ ಮಾತ್ರ ಕೈಯ ಕಸುಬು ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.