ಗೇಟಿನ ಅಗಲ ನೋಡಿ ಯಂತ್ರ ಕೊಳ್ಳಿ

ಮಣ್ಣು ಕೆಲಸದ ಸಣ್ಣ ಗುತ್ತಿಗೆದಾರರು ಮೊದಲ ಯಂತ್ರ ಕೊಳ್ಳಲು ಹೊರಟಾಗ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಯಾವ ಕಂಪನಿಯದು ಒಳ್ಳೆಯದು ಸಾರ್? ನಾನು ತಿರುಗಿ ಕೇಳುವುದೂ ಒಂದೇ. ಹೋದ ವರ್ಷ ಬಾಡಿಗೆ ಗಾಡಿ ತಂದು ಮಾಡಿಸಿದ ಕೆಲಸಗಳಲ್ಲಿ ಅತಿ ಇಕ್ಕಟ್ಟಿನ ಜಾಗ ಯಾವುದು, ಅದರ ಗೇಟು ಎಷ್ಟು ಅಡಿ? ಎಚ್‌ಪಿ ಎಷ್ಟು, ಕಂತು ಎಷ್ಟು, ಮೈಲೇಜು ಎಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ಗೇಟನ್ನು ಮಾತ್ರ ಅಳೆದಿರುವುದಿಲ್ಲ. ಒಳಗೇ ಹೋಗದ ಗಾಡಿಗೆ ಎಷ್ಟು ಎಚ್‌ಪಿ ಇದ್ದರೇನು?

ತಾಲ್ಲೂಕು ಕೇಂದ್ರದಲ್ಲಿ ಕೂತು ಸುತ್ತಲ ಹಳ್ಳಿಗಳ ಕೆಲಸ ಹಿಡಿಯುವವರಿಗೆ ಹಿಂದೆ ಅಗೆದು ಮುಂದೆ ತುಂಬುವ ಬ್ಯಾಕ್‌ಹೋ ಲೋಡರೇ ಮೊದಲ ಯಂತ್ರವಾಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಜೆಸಿಬಿ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ನೆಲೆಯೂರಿದ ಮೇಲೆ ಈ ಗಾಡಿ ನಮ್ಮ ಹಳ್ಳಿಗಳನ್ನು ಗೆದ್ದದ್ದು ಬಲದಿಂದಲ್ಲ, ಕಾಲಿನಿಂದ. ಗಂಟೆಗೆ ನಲವತ್ತು ಕಿಲೋಮೀಟರ್‌ವರೆಗೆ ತಾನೇ ಓಡಿಕೊಂಡು ಹೋಗುತ್ತದೆ, ಟ್ರೈಲರ್ ಬೇಡ. ಬೆಳಿಗ್ಗೆ ಒಂದು ಊರಲ್ಲಿ ಪಾಯ ತೋಡಿ, ಮಧ್ಯಾಹ್ನ ಇನ್ನೊಂದು ಊರಲ್ಲಿ ಟಿಪ್ಪರಿಗೆ ಮಣ್ಣು ತುಂಬಿ, ಸಂಜೆ ಮುಳ್ಳುಕಂಟಿ ಸವರಿ ಮನೆಗೆ ಬರಬಹುದು. 3ಡಿಎಕ್ಸ್ ದರ್ಜೆಯ ಗಾಡಿಯ ಹಿಂದಿನ ಕೈ ಹದಿನೈದು ಅಡಿ ಆಳಕ್ಕೆ ಇಳಿಯುತ್ತದೆ, ಮುಂದಿನ ಬಕೆಟ್ ಸುಮಾರು 1.1 ಘನ ಮೀಟರ್ ಎತ್ತುತ್ತದೆ.

ಈ ಗಾಡಿಯ ಇನ್ನೊಂದು ಗುಣವನ್ನು ಮಾಲೀಕರಿಗಿಂತ ಆಪರೇಟರ್‌ಗಳೇ ಚೆನ್ನಾಗಿ ಬಲ್ಲರು. ನಮ್ಮಲ್ಲಿ ಓಡುವ ಬಹುತೇಕ ಬ್ಯಾಕ್‌ಹೋಗಳ ಹಿಂಗೈ ಒಂದು ಅಡ್ಡ ಚೌಕಟ್ಟಿನ ಮೇಲೆ ಕೂತಿರುತ್ತದೆ. ಕ್ಲ್ಯಾಂಪ್ ಸಡಿಲಿಸಿ, ಬಕೆಟ್ಟನ್ನು ನೆಲಕ್ಕೆ ಊರಿ ಒತ್ತಿದರೆ ಇಡೀ ಬೂಮು ಎಡದ ತುದಿಯಿಂದ ಬಲದ ತುದಿಗೆ ಜರುಗುತ್ತದೆ. ಕಾಂಪೌಂಡ್ ಗೋಡೆಗೆ ಗಾಡಿಯನ್ನು ಸಮಾನಾಂತರವಾಗಿ ನಿಲ್ಲಿಸಿ, ಬೂಮನ್ನು ಗೋಡೆಯ ಕಡೆಗೆ ಸರಿಸಿಕೊಂಡು, ಗೋಡೆಗೆ ತಾಗದಂತೆ ಅದರ ಬುಡದಲ್ಲೇ ಪೈಪಿನ ಗುಂಡಿ ತೆಗೆಯುವ ಕೆಲಸವನ್ನು ಒಮ್ಮೆ ನಿಂತು ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಈ ಚೌಕಟ್ಟನ್ನು ಎರಡೂ ತುದಿಗೆ ಜರುಗಿಸಿ ತೋರಿಸಲು ಕೇಳಿ. ವರ್ಷಗಟ್ಟಲೆ ಜರುಗಿಸದೆ ಮಣ್ಣು, ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಅದನ್ನು ಇಟ್ಟುಕೊಂಡವರು ಗ್ರೀಸ್ ಗನ್ ಹಿಡಿದವರಲ್ಲ.

ಆದರೆ ಈ ಗಾಡಿ ಏಳೂವರೆ ಅಡಿ ಅಗಲ, ಸುಮಾರು ಇಪ್ಪತ್ತು ಅಡಿ ಉದ್ದ, ಏಳೂವರೆ ಟನ್ ತೂಕ. ಹಿಂಗೈ ಅರ್ಧವೃತ್ತ ಮಾತ್ರ ತಿರುಗುತ್ತದೆ. ಬೆಂಗಳೂರಿನ 30×40 ಸೈಟಿನಲ್ಲಿ, ಎರಡೂ ಪಕ್ಕ ಮನೆ ಎದ್ದಿರುವ ಕಡೆ, ಅದರ ಅರ್ಧ ಹೊತ್ತು ಹಿಂದೆ ಮುಂದೆ ಮಾಡುವುದರಲ್ಲೇ ಕಳೆಯುತ್ತದೆ.

ಇಲ್ಲಿ ಮಿನಿ ಎಕ್ಸ್‌ಕವೇಟರ್, ಅಂದರೆ ಸೈಟುಗಳಲ್ಲಿ ಕರೆಯುವ ಮಿನಿ ಹಿಟಾಚಿ, ಮುಂದೆ ಬರುತ್ತದೆ. ಒಂದು ಲೆಕ್ಕ ಹಾಕೋಣ. 10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಆಳದ ಸಂಪು ಎಂದರೆ 640 ಘನ ಅಡಿ. ಅಗೆದ ಮಣ್ಣು ಉಬ್ಬುತ್ತದೆ. ಕಾಲು ಭಾಗ ಉಬ್ಬಿತೆಂದರೆ 800 ಘನ ಅಡಿ, ನಮ್ಮ ಭಾಷೆಯಲ್ಲಿ ಎಂಟು ಯೂನಿಟ್. ಬ್ಯಾಕ್‌ಹೋದ ಹಿಂದಿನ ಬಕೆಟ್ಟಿಗೆ ಒಂದು ಸಲಕ್ಕೆ ಒಂಬತ್ತು ಘನ ಅಡಿ ಹಿಡಿದರೆ ತೊಂಬತ್ತು ಬಕೆಟ್. ಮೂರೂವರೆ ಟನ್ನಿನ ಮಿನಿಗೆ ಮೂರೂವರೆ ಘನ ಅಡಿಯಂತೆ 230 ಬಕೆಟ್. ಹಾಗೆ ನೋಡಿದರೆ ದೊಡ್ಡದೇ ಗೆಲ್ಲಬೇಕು. ಆದರೆ ಮಿನಿ ನಿಂತಲ್ಲೇ ಸುತ್ತಲೂ ತಿರುಗಿ ಟಿಪ್ಪರಿಗೆ ನೇರ ಸುರಿಯುತ್ತದೆ, ಗಂಟೆಗೆ ಕುಡಿಯುವ ಡೀಸೆಲ್ಲೂ ದೊಡ್ಡದರ ಅರ್ಧದಷ್ಟು. ಎರಡು ಟನ್ನಿನದನ್ನು ಮಾತ್ರ ಈ ಕೆಲಸಕ್ಕೆ ನಂಬಬೇಡಿ. ಅದರ ಕೈ ಏಳೂವರೆ ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಕ್ಯಾಟಲಾಗಿನಲ್ಲಿ ಬರೆದ ಆಳ ಬಕೆಟ್ಟಿನ ಹಲ್ಲು ಒಂದು ಬಿಂದುವಿನಲ್ಲಿ ಮುಟ್ಟುವ ಆಳ. ತಳ ಮಟ್ಟಸವಾಗಿ ಬೇಕಿದ್ದರೆ ಅದರಲ್ಲಿ ಅಡಿಯಷ್ಟಾದರೂ ಕಳೆದುಕೊಳ್ಳಬೇಕು.

ಎರಡು ಟನ್ನಿನ ಮಿನಿಯ ನಿಜವಾದ ಊರು ಅಡಿಕೆ ತೋಟ. ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು ಕಡೆ ಮಣ್ಣು ಕೆಲಸ ಮಾಡುವವರು ಈ ಮಾತನ್ನು ಒಪ್ಪುತ್ತಾರೆ ಎಂದುಕೊಂಡಿದ್ದೇನೆ. ಅಡಿಕೆಗೆ ಶಿಫಾರಸು ಮಾಡಿದ ಅಂತರ 2.7 ಮೀಟರ್, ಒಂಬತ್ತು ಅಡಿಗೆ ಸ್ವಲ್ಪ ಕಡಿಮೆ. ಮರದ ದಪ್ಪ ಕಳೆದರೆ ಸಾಲಿನ ನಡುವೆ ಉಳಿಯುವುದು ಎಂಟು ಅಡಿ. ಏಳೂವರೆ ಅಡಿಯ ಬ್ಯಾಕ್‌ಹೋ ಅಲ್ಲಿ ನುಗ್ಗಬಹುದು, ತಿರುಗುವಂತಿಲ್ಲ. ಅದರ ಟೈರು ಬೇರಿನ ಮೇಲಿನ ಮಣ್ಣನ್ನು ಗಟ್ಟಿ ಮಾಡಿಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸಲು ಬಂದ ಗಾಡಿಯೇ ನೀರು ಇಂಗದಂತೆ ಮಾಡಿ ಹೋದರೆ ತೋಟದವರಿಗೆ ಏನು ಸಿಕ್ಕಿತು? ಎರಡು ಟನ್ನಿನ ಮಿನಿ ಐದು ಅಡಿಯೊಳಗೆ ಅಡಗುತ್ತದೆ. ರಬ್ಬರ್ ಚೈನಿನ ಮೇಲೆ ಅದರ ತೂಕ ಹಂಚಿಹೋಗಿ, ನಡೆಯುವ ಮನುಷ್ಯನ ಪಾದ ಒತ್ತುವುದಕ್ಕಿಂತ ಹೆಚ್ಚಿನ ಒತ್ತಡ ನೆಲಕ್ಕೆ ಬೀಳುವುದಿಲ್ಲ.

ತೋಟಕ್ಕೆಂದೇ ಕೊಳ್ಳುವವರು ಗಾಡಿಯ ಹಿಂಭಾಗ ನೋಡಬೇಕು. ಸಾಮಾನ್ಯ ಎಕ್ಸ್‌ಕವೇಟರ್ ತಿರುಗಿದಾಗ ಹಿಂದಿನ ಭಾರದ ಡುಬ್ಬ ಚೈನಿನಿಂದಾಚೆ ಚಾಚುತ್ತದೆ. ಆಪರೇಟರ್ ಮುಂದೆ ಬಕೆಟ್ ನೋಡುತ್ತಿದ್ದಾಗ ಹಿಂದೆ ಅದು ಮರದ ಕಾಂಡವನ್ನು ಕೆರೆಯುತ್ತದೆ. ಹಾಗೆ ಆದ ಗಾಯವನ್ನು ಅಡಿಕೆ ಮರ ತುಂಬಿಕೊಳ್ಳುವುದಿಲ್ಲ. ಜಪಾನಿನ ಯನ್ಮಾರ್ 1993ರಲ್ಲಿ ಹಿಂಭಾಗ ಚೈನಿನ ಅಗಲದೊಳಗೇ ತಿರುಗುವ ಮಿನಿಯನ್ನು ತಂದಿತು. ಈಗ ಹಲವು ಕಂಪನಿಗಳು ‘ಜೀರೋ ಟೇಲ್’ ಎಂದು ಇದನ್ನೇ ಮಾರುತ್ತವೆ. ಹಿಂದಿನ ಭಾರ ಒಳಗೆ ಸರಿದಿರುವುದರಿಂದ ಅದೇ ತೂಕದ ಸಾಮಾನ್ಯ ಗಾಡಿಯಷ್ಟು ಗಟ್ಟಿಯಾಗಿ ಅದು ಪಕ್ಕಕ್ಕೆ ಕೈ ಚಾಚಿ ಎತ್ತಲಾರದು. ಚಪ್ಪಡಿ, ಸಿಮೆಂಟ್ ರಿಂಗ್ ಇಳಿಸುವ ಕೆಲಸ ಹೆಚ್ಚಿದ್ದರೆ ಸಾಮಾನ್ಯದ್ದೇ ಸರಿ, ತೋಟಕ್ಕೆ ಜೀರೋ ಟೇಲ್ ಸರಿ. ಕರಾವಳಿಯ ಮುರಕಲ್ಲು, ಹೊಸದಾಗಿ ಸುರಿದ ಜಲ್ಲಿ ಇವುಗಳ ಮೇಲೆ ನಿಂತಲ್ಲೇ ಸುತ್ತಿದರೆ ರಬ್ಬರ್ ಚೈನು ಸೀಳುತ್ತದೆ. ಅಂಥ ಕಡೆ ಮೂರು ಸಲ ಹಿಂದೆ ಮುಂದೆ ಮಾಡಿ ತಿರುಗಿಸುವ ಆಪರೇಟರ್‌ಗೆ ಬೇಟಾ ನೂರು ರೂಪಾಯಿ ಹೆಚ್ಚು ಕೊಟ್ಟರೂ ಲಾಭವೇ.

ಸ್ಕಿಡ್ ಸ್ಟಿಯರ್ ಲೋಡರ್, ಅಂದರೆ ಬಾಬ್‌ಕ್ಯಾಟ್ ಮಾದರಿಯ ಪುಟ್ಟ ಗಾಡಿ, ಬಹಳ ಚುರುಕು. ಅಮೆರಿಕದ ಮಿನೆಸೋಟದಲ್ಲಿ ಟರ್ಕಿ ಕೋಳಿ ಸಾಕುವವರೊಬ್ಬರ ಕೊಟ್ಟಿಗೆಯಲ್ಲಿ ಕಂಬಗಳ ನಡುವೆ ಗೊಬ್ಬರ ತೆಗೆಯಲು ಕೆಲ್ಲರ್ ಸಹೋದರರು 1957ರಲ್ಲಿ ಮಾಡಿಕೊಟ್ಟ ಗಾಡಿಯಿಂದ ಬೆಳೆದ ತಳಿ ಅದು. ಗೋದಾಮು, ಬೇಸ್‌ಮೆಂಟ್, ಇಟ್ಟಿಗೆ ಗೂಡು ಇವುಗಳಿಗೆ ಅದಕ್ಕೆ ಸಾಟಿಯಿಲ್ಲ. ಅದು ಅಗೆಯುವ ಗಾಡಿಯಲ್ಲ. ತಿಂಗಳು ಪೂರ್ತಿ ತುಂಬುವ ಕೆಲಸದ ಕರಾರು ಕೈಯಲ್ಲಿದ್ದರೆ ಮಾತ್ರ ಕೊಳ್ಳಿ. ಇಲ್ಲದಿದ್ದರೆ ಬಾಡಿಗೆ ಸಾಕು.

ದುಡ್ಡಿನ ಲೆಕ್ಕವನ್ನು ತಿಂಗಳಿಗೆ ಹಾಕದೆ ಗಂಟೆಗೆ ಹಾಕಿ. ಕಂತು, ಆಪರೇಟರ್ ಸಂಬಳ, ಬೇಟಾ, ಇನ್ಶೂರೆನ್ಸ್, ಟೈರು ಅಥವಾ ಚೈನಿಗೆ ಎತ್ತಿಡುವ ಹಣ, ಮಿನಿಯಾದರೆ ಅದನ್ನು ಹೊತ್ತೊಯ್ಯುವ ಲಾರಿ ಬಾಡಿಗೆ, ಎಲ್ಲ ಕೂಡಿಸಿ, ಅವರ್ ಮೀಟರಿನಲ್ಲಿ ನಿಜವಾಗಿ ಓಡುವ ಗಂಟೆಗಳಿಂದ ಭಾಗಿಸಿ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಗಂಟೆ ಬರೆದುಕೊಳ್ಳಬೇಡಿ, ಕಂತು ಮಾತ್ರ ಮಳೆಗೆ ನಿಲ್ಲುವುದಿಲ್ಲ.

ಹೊಸ ಬ್ಯಾಕ್‌ಹೋ ಕೊಳ್ಳುವವರು ಇನ್ನೊಂದು ತಿಳಿದಿರಬೇಕು. 2025ರ ಜನವರಿ 1ರಿಂದ ಚಕ್ರದ ಯಂತ್ರಗಳಿಗೆ ಮಾಲಿನ್ಯ ನಿಯಮದ ಐದನೇ ಹಂತ ಜಾರಿಗೆ ಬಂದಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಎಂಜಿನ್ ಬಿಸಿಯಾಗಿ ದುಡಿಯುವಾಗ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ, ಐಡ್ಲಿಂಗ್‌ನಲ್ಲಿ ಗಂಟೆಗಟ್ಟಲೆ ನಿಂತರೆ ಕಟ್ಟಿಕೊಳ್ಳುತ್ತದೆ. ಟಿಪ್ಪರ್ ಕಾಯುವಾಗ ಆಫ್ ಮಾಡುವ ಅಭ್ಯಾಸ ಮಾಡಿಸಿ. ತುಕ್ಕು ಹಿಡಿದ ಕ್ಯಾನಿನ ಡೀಸೆಲ್ ಹಾಕಿಸಬೇಡಿ.

ಹಳೆಯದು ಕೊಳ್ಳುವವರು ಬಣ್ಣ ನೋಡಬೇಡಿ, ಪಿನ್ನು ನೋಡಿ. ಬೂಮನ್ನು ಎತ್ತಿ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿ. ಸಿಲಿಂಡರ್ ರಾಡಿನ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಬೂಮಿನ ಅಡಿಯಲ್ಲಿ ಯಾರನ್ನೂ ನಿಲ್ಲಲು ಬಿಡದೆ ಹತ್ತು ನಿಮಿಷ ಬಿಡಿ. ಗುರುತು ಕಣ್ಣಿಗೆ ಕಾಣುವಷ್ಟು ಇಳಿದರೆ ಸೀಲೋ ವಾಲ್ವೋ ಹೋಗಿದೆ. ಆಮೇಲೆ ಬಕೆಟ್ಟನ್ನು ನೆಲದಿಂದ ಒಂದಡಿ ಮೇಲೆ ನಿಲ್ಲಿಸಿ ಪಕ್ಕದಿಂದ ಕೈಯಲ್ಲಿ ಅಲುಗಿಸಿ. ಪಿನ್ನು ಬುಷ್ಷಿನ ನಡುವೆ ಟಕಟಕ ಸದ್ದು ಬಂದರೆ ಬೆಲೆಯಿಂದ ಕಳೆಯಿರಿ. ಬ್ರೇಕರ್ ಹಾಕಿ ಬಂಡೆ ಒಡೆದ ಗಾಡಿ ಎಂದು ಗೊತ್ತಾದರೆ ಬಿಟ್ಟು ಬನ್ನಿ. ಮೀಟರಿನಲ್ಲಿ ಎರಡು ಸಾವಿರ ಗಂಟೆ ತೋರಿಸಿ, ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೂ ಹಾಗೆಯೇ.

ಯಾವ ಗಾಡಿಯೇ ಆಗಲಿ, ಅದು ತೆಗೆದ ಗುಂಡಿಯೊಳಗೆ ಇಳಿಯುವುದು ಮನುಷ್ಯರು. ಒಂದೂವರೆ ಮೀಟರಿಗಿಂತ ಆಳದ ಟ್ರೆಂಚಿಗೆ ಪಕ್ಕದ ಆಸರೆ ಕಟ್ಟಲೇಬೇಕು ಎನ್ನುತ್ತದೆ ನಮ್ಮ ಐಎಸ್ 3764. ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬಾರದು. ಆಸರೆಯ ಹಲಗೆ, ಜಾಕುಗಳ ಖರ್ಚನ್ನು ಗಾಡಿಯ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ.

ಸಹಿ ಹಾಕುವ ಮುಂಚೆ ಡೀಲರ್‌ಗೆ ಡೆಮೊ ಕೊಡಲು ಹೇಳಿ. ಅವರ ಅಂಗಳದಲ್ಲಿ ಬೇಡ, ನಿಮ್ಮ ಸೈಟಿನಲ್ಲಿ, ನಿಮ್ಮ ಎರೆಯಲ್ಲೋ ಗರಸಿನಲ್ಲೋ ಅರ್ಧ ದಿನ. ಲಿವರ್ ಹಿಡಿಯುವುದು ನಿಮ್ಮ ಆಪರೇಟರ್ ಆಗಿರಲಿ. ಅವನು ಬೇಡ ಎಂದರೆ ಆ ಗಾಡಿ ಬೇಡ.