‘ಸೌಂಡ್’ ಎಂಬ ಇಂಗ್ಲಿಷ್ ಪದ: ನಾನಾರ್ಥವೂ ಶ್ಲೇಷವೂ

ಇಂಗ್ಲಿಷಿನ ‘ಸೌಂಡ್’ ಎಂಬುದು ಪಾಠಶಾಲೆಯ ಬಾಲಕರಿಗೂ ತಿಳಿದ ಪದ. ಸದ್ದು ಎಂಬುದೇ ಅದರ ಅರ್ಥವೆಂದು ಅವರು ಬಲ್ಲರು. ಆದರೆ ಅದೇ ಪದವು ಆರೋಗ್ಯವಂತನಾದ ಮನುಷ್ಯನಿಗೂ, ದೋಷವಿಲ್ಲದ ತರ್ಕಕ್ಕೂ, ಗಾಢವಾದ ನಿದ್ರೆಗೂ ವಿಶೇಷಣವಾಗುವುದುಂಟು. ಎರಡು ನೆಲಗಳ ನಡುವಣ ಕಿರಿದಾದ ಕಡಲಿಗೆ ಹೆಸರಾಗುವುದುಂಟು. ನೀರಿನ ಆಳವನ್ನು ನೋಡುವುದಕ್ಕೂ, ಒಬ್ಬನ ಮನಸ್ಸಿನ ಒಳಗನ್ನು ಉಪಾಯದಿಂದ ಶೋಧಿಸುವುದಕ್ಕೂ ಕ್ರಿಯಾಪದವಾಗುವುದುಂಟು. ಚಿಕ್ಕ ಕೋಶಗಳಲ್ಲಿ ಇವೆಲ್ಲ ಒಂದರ ಕೆಳಗೊಂದು ಕುಳಿತಿರುವುದರಿಂದ, ಒಂದೇ ಪದವು ಕಾಲಕ್ರಮದಲ್ಲಿ ಕವಲೊಡೆದು ಇಷ್ಟು ಅರ್ಥಗಳನ್ನು ಪಡೆಯಿತೆಂಬ ಭ್ರಾಂತಿ ಓದುವವರಲ್ಲಿಯೂ ಒಮ್ಮೊಮ್ಮೆ ಓದಿಸುವವರಲ್ಲಿಯೂ ನೆಲಸಿದೆ. ಇದರಿಂದ ವ್ಯಾಕರಣಕ್ಕೆ ಆಗುವ ಹಾನಿ ಸ್ವಲ್ಪ. ಕಾವ್ಯವಿಮರ್ಶೆಗೆ ಆಗುವ ಹಾನಿ ಹೆಚ್ಚು. (‘ಶಬ್ದ’ವೆಂಬ ಮಾತು ಪದವನ್ನೂ ಸದ್ದನ್ನೂ ಹೇಳುವುದರಿಂದ ಇಲ್ಲಿ ಅದನ್ನು ಪಾರಿಭಾಷಿಕಗಳಲ್ಲಲ್ಲದೆ ಬಳಸಿಲ್ಲ.)

ವಾಸ್ತವವಾಗಿ ಇವು ನಾಲ್ಕು ಪದಗಳು. ಸದ್ದೆಂಬ ಅರ್ಥದ ಪದವು ಲ್ಯಾಟಿನ್ನಿನ ‘ಸೊನುಸ್’ ಎಂಬುದರಿಂದ ಫ್ರೆಂಚಿನ ಮಾರ್ಗವಾಗಿ ಬಂದುದು. ಸಂಸ್ಕೃತದ ‘ಸ್ವನ’ ಇದರ ಜ್ಞಾತಿ. ೧೪೦೦ರಲ್ಲಿ ಕಾಲವಾದ ಚಾಸರ್ ಕವಿಯಲ್ಲಿ ಇದರ ರೂಪ ‘ಸೂನ್’; ಕೊನೆಯಲ್ಲಿ ಡಕಾರವಿಲ್ಲ. ನಕಾರದಲ್ಲಿ ಮುಗಿಯುವ ಕೆಲವು ಪದಗಳ ಬಾಲಕ್ಕೆ ಡಕಾರವು ಆಗಮವಾಗಿ ಅಂಟಿಕೊಂಡದ್ದು ಆಮೇಲಿನ ಮಾತು. ಹಡಗು ಒಂದು ಊರಿಗೆ ‘ಬೌಂಡ್’ ಆಗಿದೆ ಎನ್ನುವಲ್ಲಿನ ಪದವೂ ಹೀಗೆಯೇ ಬಾಲ ಬೆಳೆಸಿಕೊಂಡುದು. ಆರೋಗ್ಯಾರ್ಥದ ಪದವಾದರೋ ಶುದ್ಧ ಜರ್ಮಾನಿಕ್ ವಂಶದ್ದು. ಹಳೆಯ ಇಂಗ್ಲಿಷಿನ ‘ಯೆಸುಂಡ್’ ಎಂಬುದು ಉಪಸರ್ಗವನ್ನು ಕಳೆದುಕೊಂಡು ಉಳಿದಿದೆ. ಜರ್ಮನರು ಇಂದಿಗೂ ಉಪಸರ್ಗಸಹಿತವಾಗಿ ‘ಗೆಜುಂಟ್’ ಎನ್ನುತ್ತಾರೆ, ಸೀನಿದವನಿಗೆ ಅದೇ ಪದದಿಂದ ಆರೋಗ್ಯವನ್ನು ಹಾರೈಸುತ್ತಾರೆ. ಗಾಢನಿದ್ರೆಯ ‘ಸೌಂಡ್’ ಈ ವಂಶದ್ದೇ ಹೊರತು ಸದ್ದಿನದಲ್ಲ. ಗೊರಕೆ ಹೊಡೆಯುವವನ ನಿದ್ರೆಗೆ ಎರಡೂ ಸಲ್ಲುವುದು ಕಾಕತಾಳೀಯ.

ಮೂರನೆಯದು ಮೂಲದಲ್ಲಿ ಈಜು ಎಂಬ ಅರ್ಥದ್ದು. ಹಳೆಯ ಇಂಗ್ಲಿಷಿನಲ್ಲಿಯೂ ಉತ್ತರದ ನಾರ್ಸ್ ಭಾಷೆಯಲ್ಲಿಯೂ ಇದ್ದ ‘ಸುಂಡ್’ ಎಂಬ ನಾಮಪದವು ಈಜುವುದೆಂಬ ಅರ್ಥದ ‘ಸ್ವಿಮ್’ ಧಾತುವಿನ ಸಂಬಂಧಿ. ನಾರ್ಸಿನಲ್ಲಿ ಅದು ಜಲಸಂಧಿಗೂ ಹೆಸರಾಯಿತು. ಡೆನ್ಮಾರ್ಕಿಗೂ ಸ್ವೀಡನ್ನಿಗೂ ನಡುವಿನ ಜಲಸಂಧಿಯೇ ಇಂಗ್ಲಿಷರಿಗೆ ವಿಶೇಷಣವಿಲ್ಲದ ‘ಸೌಂಡ್’. ಅಲ್ಲಿ ಹಾಯುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು ೧೪೨೯ರಿಂದ ೧೮೫೭ರವರೆಗೆ ಸುಂಕವೆತ್ತುತ್ತಿದ್ದರಾಗಿ ಆ ಹೆಸರು ಯೂರೋಪಿನ ವರ್ತಕರೆಲ್ಲರ ನಾಲಗೆಯ ಮೇಲಿತ್ತು. ಮೀನಿನ ಒಡಲಿನ ಗಾಳಿಚೀಲಕ್ಕೆ ‘ಸೌಂಡ್’ ಎಂಬ ಹೆಸರಿರುವುದೂ ಈ ಈಜಿನ ನೆನಪಿನಿಂದಲೇ.

ನಾಲ್ಕನೆಯದು ಫ್ರೆಂಚಿನ ‘ಸೊಂದೇ’ ಎಂಬ ಧಾತುವಿನಿಂದ ಬಂದುದು: ಹುರಿಗೆ ಸೀಸದ ಗುಂಡನ್ನು ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಆಳವನ್ನು ಅಳೆಯುವುದು. ನಾವಿಕರು ಆ ಗುಂಡಿನ ಬುಡದಲ್ಲಿ ಒಂದು ಕುಳಿಯನ್ನು ಮಾಡಿ ಅದಕ್ಕೆ ಪ್ರಾಣಿಗಳ ಕೊಬ್ಬನ್ನು ಮೆತ್ತುತ್ತಿದ್ದರು. ತಳದ ಮರಳೋ ಕೆಸರೋ ಚಿಪ್ಪೋ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಆಳವನ್ನು ತಿಳಿಯುವುದಷ್ಟೇ ಅಲ್ಲದೆ ತಳದ ಗುಣವನ್ನೂ ತಿಳಿಯುವ ಈ ಉಪಾಯದಿಂದಲೇ ಪರರ ಮನಸ್ಸನ್ನು ಶೋಧಿಸುವ ಲಾಕ್ಷಣಿಕಾರ್ಥವು ಹುಟ್ಟಿತು. ಫ್ರೆಂಚ್ ಧಾತುವಿನ ಮೂಲದ ವಿಷಯದಲ್ಲಿ ಪಂಡಿತರು ಒಮ್ಮತರಲ್ಲ. ಲ್ಯಾಟಿನ್ನಿನಲ್ಲಿ ‘ತೆರೆಯ ಕೆಳಗೆ’ ಎಂಬರ್ಥದ ಮಾತಿನಿಂದ ಅದನ್ನು ಸಾಧಿಸುವವರು ಕೆಲವರು. ಹಳೆಯ ಇಂಗ್ಲಿಷಿನಲ್ಲಿಯೇ ಆಳ ನೋಡುವ ಹುರಿಗೂ ಕೋಲಿಗೂ ‘ಸುಂಡ್’ ಪೂರ್ವಪದವಾದ ಹೆಸರುಗಳಿದ್ದುದನ್ನು ತೋರಿಸಿ, ಫ್ರೆಂಚರೇ ಉತ್ತರದ ನಾವಿಕರಿಂದ ಅದನ್ನು ಕಡ ಪಡೆದರೆನ್ನುವವರು ಮತ್ತೆ ಕೆಲವರು. ಎರಡನೆಯ ಪಕ್ಷವು ನಿಂತರೆ ಮೂರನೆಯ, ನಾಲ್ಕನೆಯ ಪದಗಳು ದಾಯಾದಿಗಳಾಗುವುವು. ಉಳಿದೆರಡಕ್ಕೂ ಅವುಗಳಿಗೂ ಯಾವ ಬಾಂಧವ್ಯವೂ ಇಲ್ಲ.

ಇವು ಒಂದೇ ರೂಪಕ್ಕೆ ಬಂದುದು ಹೇಗೆ? ಹಿಂದೆ ಇವೆಲ್ಲವುಗಳ ಸ್ವರ ಊಕಾರ. ‘ಮೂಸ್’ ಎಂದಿದ್ದುದು ‘ಮೌಸ್’ ಆದಂತೆ, ಆ ಊಕಾರವು ಮುಂದಣ ಶತಮಾನಗಳಲ್ಲಿ ಔಕಾರವಾಯಿತು. ಸದ್ದಿನ ಪದಕ್ಕೆ ಡಕಾರಾಗಮವಾದೊಡನೆ ಇದ್ದ ಒಂದೇ ಭೇದವೂ ಅಳಿಯಿತು. ಇದು ನಡೆದುದು ಶೇಕ್ಸ್‌ಪಿಯರಿಗೆ ಸ್ವಲ್ಪ ಮುಂಚೆ. ಚಾಸರನಿಗೆ ಸಾಧ್ಯವಿಲ್ಲದಿದ್ದ ಶ್ಲೇಷವೊಂದು ಭಾಷೆಯ ಈ ಆಕಸ್ಮಿಕದಿಂದ ಅವನ ಕೈಗೆ ಸಿದ್ಧವಾಗಿ ದೊರೆಯಿತು.

ಕನ್ನಡದಲ್ಲಿಯೂ ಇಂತಹ ವ್ಯಾಪಾರವು ಅಪರಿಚಿತವಲ್ಲ. ಕಡಲ ‘ತೆರೆ’ಯಲ್ಲಿದ್ದುದು ರೇಫ, ಬಾಗಿಲನ್ನು ‘ತೆಱೆ’ಯುವಲ್ಲಿ ಶಕಟರೇಫ. ಕತ್ತರಿಸುವ ‘ಅರಿ’ ಬೇರೆ, ತಿಳಿಯುವ ‘ಅಱಿ’ ಬೇರೆ, ಹಗೆಯೆಂಬ ಸಂಸ್ಕೃತದ ‘ಅರಿ’ ಮತ್ತೂ ಬೇರೆ. ಶಕಟರೇಫವು ರೇಫದಲ್ಲಿ ಅಡಗಿದ ಮೇಲೆ ಇವೆಲ್ಲ ಒಂದೇ ಮುಖದವಾದುವು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳವುಳ್ಳ ಪದಗಳನ್ನು ಎಣಿಸಿಟ್ಟದ್ದನ್ನು ಕೇವಲ ಕಾಗುಣಿತದ ಛಲವೆಂದು ಭಾವಿಸುವವರು ಇದನ್ನು ಗಮನಿಸಬೇಕು: ಅಕ್ಷರವೊಂದು ಅಳಿದರೆ ಪದಗಳು ಕಲೆತುಹೋಗುತ್ತವೆ.

ಈಗ ವಿಮರ್ಶೆಯ ಪ್ರಶ್ನೆ. ೧೯೩೦ರಲ್ಲಿ ಎಂಪ್ಸನ್ ಎಂಬ ಇಂಗ್ಲಿಷ್ ವಿಮರ್ಶಕನು ಸಂದಿಗ್ಧಾರ್ಥವು ಕಾವ್ಯದ ದೋಷವಲ್ಲ, ಸಂಪತ್ತು ಎಂದು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನಷ್ಟೆ. ಆ ಗ್ರಂಥವು ಬೆಲೆಯುಳ್ಳದ್ದೇ. ಆದರೆ ಅದರ ಅನುಯಾಯಿಗಳಲ್ಲಿ, ಕೋಶದಲ್ಲಿರುವ ಅರ್ಥಗಳನ್ನೆಲ್ಲ ಪದ್ಯದೊಳಕ್ಕೆ ಸುರಿದು ಅದನ್ನೇ ಸಹೃದಯತೆಯೆಂದು ಎಣಿಸುವ ಅಭ್ಯಾಸವೊಂದು ಬೆಳೆಯಿತು. ಇದಕ್ಕೆ ಭಾರತೀಯ ಶಾಸ್ತ್ರದಲ್ಲಿ ಒಳ್ಳೆಯ ಕಡಿವಾಣವಿದೆ. ನಾನಾರ್ಥ ಪದವು ಪ್ರಯೋಗದಲ್ಲಿ ಯಾವ ಅರ್ಥಕ್ಕೆ ಕಟ್ಟುಬೀಳುತ್ತದೆಂಬುದನ್ನು ಗೊತ್ತುಮಾಡುವ ಸಂಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಪದಾಂತರಸನ್ನಿಧಿ, ಔಚಿತ್ಯ ಮೊದಲಾದ ಹೇತುಗಳನ್ನು ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಹೇಳಿದ್ದಾನೆ. ಅವನ್ನು ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ಕ್ಕೆ ತಂದುಕೊಂಡು, ಆ ಹೇತುಗಳು ಅಭಿಧೆಯನ್ನು ಒಂದರ್ಥದಲ್ಲಿ ನಿಲ್ಲಿಸಿದ ಮೇಲೆಯೂ ಮತ್ತೊಂದು ತೋರಿದರೆ ಅದು ವ್ಯಂಜನೆಯ ವಿಷಯವೆಂದೂ, ಎರಡೂ ಸಮವಾಗಿ ವಿವಕ್ಷಿತವಾದರೆ ಶ್ಲೇಷವೆಂದೂ ವಿಭಾಗಿಸಿದನು.

ಈ ಒರೆಗಲ್ಲಿಗೆ ‘ಮ್ಯಾಕ್‌ಬೆತ್’ ನಾಟಕದ ಐದನೆಯ ಅಂಕದ ಪ್ರಸಿದ್ಧವಾದ ಮಾತನ್ನು ಹಚ್ಚಿ ನೋಡಬಹುದು. ಬಾಳು ಮೂಢನೊಬ್ಬನು ಹೇಳಿದ ಕಥೆ, ಅದರ ತುಂಬ ‘ಸೌಂಡ್’ ಮತ್ತು ಆರ್ಭಟ, ಅರ್ಥ ಮಾತ್ರ ಶೂನ್ಯ ಎಂಬುದು ಅಲ್ಲಿಯ ಭಾವ. ಫಾಕ್ನರನು ತನ್ನ ೧೯೨೯ರ ಕಾದಂಬರಿಗೆ ಹೆಸರನ್ನು ತೆಗೆದುಕೊಂಡುದು ಇಲ್ಲಿಂದಲೇ. ಈ ಸ್ಥಳದಲ್ಲಿ ಆರೋಗ್ಯವೆಂಬ ಅರ್ಥವನ್ನೂ ತಂದು, ಬಾಳಿನ ಸ್ವಸ್ಥತೆಯೂ ಉನ್ಮಾದವೂ ಎದುರುಬದುರಾಗಿ ನಿಂತಿವೆಯೆಂದು ವ್ಯಾಖ್ಯಾನಿಸುವುದು ಸುಲಭ, ಕೇಳುವುದಕ್ಕೂ ಚೆನ್ನಾಗಿರುತ್ತದೆ. ಆದರೆ ಆರ್ಭಟದ ಸಾಹಚರ್ಯವೂ ಕಥೆ ಹೇಳುವ ಪ್ರಕರಣವೂ ಪದವನ್ನು ಸದ್ದಿನಲ್ಲಿಯೇ ಕಟ್ಟುತ್ತವೆ. ಸ್ವಸ್ಥತೆಯನ್ನು ಎಬ್ಬಿಸತಕ್ಕ ಪದಾಂತರವು ಸಮೀಪದಲ್ಲೆಲ್ಲಿಯೂ ಇಲ್ಲ. ಹೊಳೆಯುವುದೆಲ್ಲ ವ್ಯಂಗ್ಯವಲ್ಲ.

‘ಮೆಷರ್ ಫಾರ್ ಮೆಷರ್’ ನಾಟಕದ ಮೊದಲನೆಯ ಅಂಕದಲ್ಲಿ ಸ್ಥಿತಿ ಬೇರೆ. ಲೂಸಿಯೋ ಎಂಬ ವಿಟನು ಗೆಳೆಯನೊಬ್ಬನಿಗೆ ರೋಗವನ್ನು ಆರೋಪಿಸಲು, ಅವನು ತಾನು ‘ಸೌಂಡ್’ ಎಂದು ಪ್ರತಿಭಟಿಸುತ್ತಾನೆ. ಪ್ರಕರಣದಿಂದ ಅಲ್ಲಿ ಆರೋಗ್ಯವೊಂದೇ ಅರ್ಥ. ಲೂಸಿಯೋ ಆ ಪದವನ್ನೇ ಹಿಡಿದು, ಟೊಳ್ಳಾದ ವಸ್ತುಗಳು ಹೇಗೆ ‘ಸೌಂಡ್’ ಆಗಿರುವುವೋ ಹಾಗೆ ಮಾತ್ರ ನೀನು, ನಿನ್ನ ಎಲುಬುಗಳೇ ಟೊಳ್ಳು ಎಂದು ತಿರುಗಿಸುತ್ತಾನೆ. ಟೊಳ್ಳೆಂಬ ಪದಾಂತರದ ಸನ್ನಿಧಿಯು ಮಲಗಿದ್ದ ಸದ್ದಿನ ಅರ್ಥವನ್ನು ಎಬ್ಬಿಸಿತು. ಮಮ್ಮಟನ ಪರೀಕ್ಷೆಯಂತೆ ಇಲ್ಲಿ ಪರ್ಯಾಯಪದವನ್ನಿಟ್ಟರೆ ಚಮತ್ಕಾರವು ನಿಲ್ಲದು, ನಿಸ್ಸಂದೇಹವಾಗಿ ಶಬ್ದಶ್ಲೇಷ.

‘ಹ್ಯಾಮ್ಲೆಟ್’ ನಾಟಕದ ಪ್ರಯೋಗವು ಇದಕ್ಕಿಂತ ಬಹಳ ಮೇಲಿನದು. ಎರಡನೆಯ ಅಂಕದಲ್ಲಿ ಪೊಲೋನಿಯಸನು ತನ್ನ ಮಗನ ನಡತೆಯನ್ನು ಅರಿಯಲು ಆಳನ್ನು ಕಳುಹುವಾಗ, ಪರರ ಬಾಯಿಂದ ಗುಟ್ಟನ್ನು ತೆಗೆಯುವುದಕ್ಕೆ ಬಳಸುವುದು ಈ ಕ್ರಿಯಾಪದವನ್ನೇ. ಮೂರನೆಯ ಅಂಕದ ಆರಂಭದಲ್ಲಿ ರಾಜಕುಮಾರನು ತನ್ನ ಆಳವನ್ನು ನೋಡಗೊಡನೆಂದು ಗಿಲ್ಡನ್‌ಸ್ಟರ್ನನು ದೊರೆಗೆ ಅರಿಕೆಮಾಡುವಲ್ಲಿಯೂ ಅದೇ ಪದ. ಎರಡು ಕಡೆಯೂ ಸೀಸದ ಗುಂಡಿನ ಅರ್ಥವಲ್ಲದೆ ಬೇರಿಲ್ಲ. ಅದೇ ಅಂಕದ ಎರಡನೆಯ ದೃಶ್ಯದಲ್ಲಿ ಹ್ಯಾಮ್ಲೆಟ್ ಒಂದು ಕೊಳಲನ್ನು ತರಿಸಿ ಗಿಲ್ಡನ್‌ಸ್ಟರ್ನನ ಕೈಗೆ ಕೊಡುತ್ತಾನೆ. ನುಡಿಸಲು ಬಾರದೆಂದು ಅವನು ಒಪ್ಪಿಕೊಂಡಮೇಲೆ, ಈ ಮರದ ತುಂಡನ್ನು ನುಡಿಸಲಾರದ ನೀನು ನನ್ನನ್ನು ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ‘ಸೌಂಡ್’ ಮಾಡುವೆಯಾ ಎಂದು ಕೆಣಕುತ್ತಾನೆ. ಕಣ್ಣಮುಂದಿರುವ ಕೊಳಲಿನಿಂದ ಸದ್ದು ಪ್ರಾಕರಣಿಕ. ಎರಡು ಅಂಕಗಳಿಂದ ನಡೆದುಬಂದ ಗೂಢಚರ್ಯೆಯಿಂದ ಆಳವೂ ಪ್ರಾಕರಣಿಕ. ಎರಡೂ ವಾಚ್ಯವಾಗಿರುವುದರಿಂದ ಇದನ್ನು ಧ್ವನಿಯೆನ್ನುವುದು ಸರಿಯಲ್ಲ, ಶ್ಲೇಷವೇ. ಧ್ವನಿಯಿರುವುದು ಅದರಾಚೆ: ಆಳವನ್ನು ನೋಡಬಂದವರಿಗೆ ಸದ್ದು ಕೂಡ ಹುಟ್ಟಿಸಲು ತಿಳಿಯದೆಂಬ ತಿರಸ್ಕಾರವು ಯಾವ ಪದಕ್ಕೂ ವಾಚ್ಯವಲ್ಲ. ಈ ಮಾತನ್ನು ಬರಿಯ ಪದದಾಟವೆಂದು ದಾಟಿಹೋಗುವವರು, ನಾಟಕಕಾರನು ಮೊದಲ ಎರಡು ಸ್ಥಳಗಳಲ್ಲಿ ಮಾಡಿಟ್ಟ ಸಿದ್ಧತೆಯನ್ನು ಕಂಡಿಲ್ಲ.

ಭಾಷಾಂತರಕಾರನು ಇಲ್ಲಿ ಕೈಚೆಲ್ಲಬೇಕಾಗಿಲ್ಲ. ಕನ್ನಡದ ‘ನುಡಿಸು’ ಎಂಬುದು ಕೊಳಲಿಗೂ ಸಲ್ಲುತ್ತದೆ, ಬಾಯಿಬಿಡದವನನ್ನು ಮಾತಾಡಿಸುವುದಕ್ಕೂ ಸಲ್ಲುತ್ತದೆ. ಮೂರು ಸ್ಥಳಗಳಲ್ಲಿಯೂ ಅದನ್ನೇ ಇಟ್ಟರೆ ಸರಪಳಿ ಕಡಿಯದು. ನೀರಿನ ಆಳವೊಂದು ಕಳೆಯುವುದು ನಿಜ. ಭೇದವೇನೆಂದರೆ ‘ನುಡಿಸು’ ಒಂದೇ ಪದ, ‘ನುಡಿ’ಯೆಂಬ ಒಂದೇ ಬೇರಿನ ಎರಡು ಕವಲು, ಆದ್ದರಿಂದ ಇಂಗ್ಲಿಷಿನಲ್ಲಿ ಅಪರಿಚಿತರಿಬ್ಬರು ಡಿಕ್ಕಿ ಹೊಡೆದಂತಾಗುವ ಬೆರಗು ಕನ್ನಡದಲ್ಲಿ ಹುಟ್ಟುವುದಿಲ್ಲ. ಲೂಸಿಯೋವಿನ ಕುಚೋದ್ಯಕ್ಕಾದರೋ ‘ಗಟ್ಟಿ’ ಎಂಬ ಪದವಿದೆ. ಆಳು ಗಟ್ಟಿಯಾಗಿದ್ದಾನೆ ಎಂಬುದು ಮನೆಮಾತು, ಕೂಗೂ ಗಟ್ಟಿಯಾಗಿರಬಲ್ಲುದು. ತಾನು ಗಟ್ಟಿಯೆಂದವನಿಗೆ, ಟೊಳ್ಳುಮಡಕೆಯ ದನಿ ಗಟ್ಟಿಯಾಗಿರುವ ಹಾಗೆ ಎಂದು ಉತ್ತರ ಕೊಟ್ಟರೆ, ಗಟ್ಟಿಗೂ ಟೊಳ್ಳಿಗೂ ಹುಟ್ಟಿನಿಂದಲೇ ಇರುವ ವಿರೋಧವು ಜೊತೆಗೆ ಸೇರುತ್ತದೆ. ಅದು ಮೂಲದ ಪದದಲ್ಲಿ ಇಲ್ಲದ ಲಾಭ.