ವಿಜಯನಗರವನ್ನು ಕುರಿತ ಮೂರು ಗ್ರಂಥಗಳು: ಒಂದು ಸಮೀಕ್ಷೆ

ಹೊಸದಾಗಿ ಬಂದ ಪುಸ್ತಕಗಳನ್ನು 'ಸಾದರ ಸ್ವೀಕಾರ'ವೆಂಬ ತಲೆಬರಹದ ಕೆಳಗೆ ಹೆಸರಿಸಿ ಸುಮ್ಮನಾಗುವುದು ನಮ್ಮ ಪತ್ರಿಕೆಗಳ ಹಳೆಯ ರೂಢಿ. ಆ ಪಟ್ಟಿಯಲ್ಲಿ ಸಂಶೋಧನ ಗ್ರಂಥ, ನಾಟಕ, ಕಾದಂಬರಿಗಳು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಗ್ರಂಥಪಾಲಕನಿಗೆ ಇದರಿಂದ ತೊಂದರೆಯಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಮಾತ್ರ ಉಂಟು. ಒಂದೇ ವಸ್ತುವನ್ನು ಕುರಿತ ಪುಸ್ತಕಗಳೆಲ್ಲ ಒಂದೇ ಬಗೆಯ ಪ್ರಮಾಣವೆಂದು ಅವನು ಭಾವಿಸುತ್ತಾನೆ. ನಾಟಕಕಾರನು ಬರೆದ ಸಂಭಾಷಣೆ ಉತ್ತರಪತ್ರಿಕೆಯಲ್ಲಿ ಅರಸನೇ ಆಡಿದ ಮಾತಾಗಿಬಿಡುತ್ತದೆ. ಈ ಕಾರಣದಿಂದ ಈ ಶತಮಾನದಲ್ಲಿ ವಿಜಯನಗರವನ್ನು ಕುರಿತು ಬಂದ, ಮೂರು ಬೇರೆಬೇರೆ ಪ್ರಕಾರಗಳಿಗೆ ಸೇರಿದ ಮೂರು ಗ್ರಂಥಗಳನ್ನು ಇಲ್ಲಿ ಒಟ್ಟಿಗೆ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲನೆಯದು ರಿಚರ್ಡ್ ಈಟನ್ ಅವರು ದಖ್ಖನಿನ ಸಾಮಾಜಿಕ ಇತಿಹಾಸವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು 2005ರಲ್ಲಿ ಪ್ರಕಟಿಸಿದ ಈ ಗ್ರಂಥವು ಕ್ರಿ.ಶ. 1300ರಿಂದ 1761ರವರೆಗಿನ ಕಾಲವನ್ನು ಎಂಟು ಜನರ ಜೀವನಗಳ ಮೂಲಕ ನಿರೂಪಿಸುತ್ತದೆ. ಕಲಬುರಗಿಯ ಗೇಸುದರಾಜ್, ಬೀದರಿನ ಮಹಮೂದ್ ಗವಾನ್, ವಿಜಯನಗರದ ಅಳಿಯ ರಾಮರಾಯ ಇವರು ನಮ್ಮ ನಾಡಿನೊಡನೆ ನೇರ ಸಂಬಂಧವುಳ್ಳವರು. ರಾಮರಾಯನನ್ನು ಕುರಿತ ಅಧ್ಯಾಯ ನಮ್ಮ ದೃಷ್ಟಿಯಲ್ಲಿ ಗ್ರಂಥದ ಸತ್ತ್ವಯುತ ಭಾಗ. ವಿಜಯನಗರವನ್ನು ಇಸ್ಲಾಮಿನ ವಿರುದ್ಧ ಎದ್ದುನಿಂತ ಕೋಟೆಯೆಂದು ಚಿತ್ರಿಸುವ ಪರಿಪಾಟಿ 1900ರಲ್ಲಿ ರಾಬರ್ಟ್ ಸ್ಯೂಯೆಲ್ಲರ ಗ್ರಂಥದಿಂದ ಬಲಗೊಂಡಿತು. ಈಟನ್ನರ ರಾಮರಾಯನಾದರೋ ತಾರುಣ್ಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದು, ಅನಂತರ ಕೃಷ್ಣದೇವರಾಯನ ಆಶ್ರಯಕ್ಕೆ ಬಂದು ಅವನ ಅಳಿಯನಾದವನು. ಸುಲ್ತಾನರ ಪರಸ್ಪರ ವೈಷಮ್ಯಗಳನ್ನು ತನ್ನ ಲಾಭಕ್ಕೆ ಬಳಸಿಕೊಂಡವನು. ಕ್ರಿ.ಶ. 1565ರ ಯುದ್ಧವು ಇಲ್ಲಿ ದಖ್ಖನಿನ ಒಂದೇ ರಾಜಕೀಯ ಕುಟುಂಬದೊಳಗಿನ ಕಲಹವಾಗಿ ಕಾಣುತ್ತದೆ.

ಈ ನಿರೂಪಣೆಯನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೂ ಒಂದು ಆಕ್ಷೇಪವುಂಟು. ಸಾಮಾಜಿಕ ಇತಿಹಾಸವೆಂದು ಹೆಸರಿಟ್ಟ ಗ್ರಂಥದ ಎಂಟು ನಾಯಕರಲ್ಲಿ ಐವರು ಅರಸು, ರಾಣಿ, ಮಂತ್ರಿ, ಸೇನಾನಿಗಳೇ ಆಗಿದ್ದಾರೆ. ಸಂತ ತುಕಾರಾಮ, ಈಡಿಗ ಪಾಪಡು ಇಂಥವರಿಗೆ ಸ್ಥಾನ ದೊರೆತಿರುವುದು ಸಂತೋಷದ ವಿಷಯ. ಆದರೆ ವಿಜಯನಗರದ ಪಾಲಿಗೆ ಬಂದವನು ರಾಮರಾಯನೊಬ್ಬನೇ. ಕೆರೆ ಕಟ್ಟಿದವನೂ ನೇಯ್ದವನೂ ಸುಂಕ ತೆತ್ತವನೂ ಹೊರಗೇ ಉಳಿದಿದ್ದಾರೆ.

ಎರಡನೆಯದು ದಿವಂಗತ ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ' ಎಂಬ ನಾಟಕ. ಧಾರವಾಡದ ಮನೋಹರ ಗ್ರಂಥಮಾಲೆಯವರು ಇದನ್ನು 2018ರಲ್ಲಿ ಪ್ರಕಟಿಸಿದರು. ಕೃಷ್ಣಾತೀರದ ರಕ್ಕಸಗಿ, ತಂಗಡಗಿ ಗ್ರಾಮಗಳ ನೆನಪು ಈ ಹೆಸರಿನಲ್ಲಿದೆ. ಈಟನ್ನರ ಅಧ್ಯಾಯವನ್ನು ಓದಿದವರಿಗೆ ನಾಟಕದೊಡನೆ ಅದರ ಸಾಮೀಪ್ಯ ಎದ್ದುಕಾಣುತ್ತದೆ. ಅಧಿಕಾರವೆಲ್ಲ ಕೈಯಲ್ಲಿದ್ದರೂ ಸಿಂಹಾಸನವೇರಲಾಗದ 'ಅಳಿಯ'ನ ಒಳಗುದಿ, ಚಾಲುಕ್ಯರ ವಂಶದವನೆಂಬ ಹೆಮ್ಮೆ, ಅವರ ರಾಜಧಾನಿಯಾಗಿದ್ದ ಕಲ್ಯಾಣದ ಮೇಲಿನ ಮೋಹ, ಇವು ನಾಟಕವನ್ನು ನಡೆಸುತ್ತವೆ. ಬಿಜಾಪುರದ ಅಲಿ ಆದಿಲಶಾಹನನ್ನು ರಾಮರಾಯನ ಮನೆಯವರು ಮಗನಂತೆ ಸ್ವೀಕರಿಸಿದರೆಂದು ಫೆರಿಸ್ತಾ ಬರೆದಿದ್ದಾನೆ. ಬಖೈರಿನಲ್ಲಿ ಕೆಲವೇ ಪಂಕ್ತಿಗಳಲ್ಲಿ ಮುಗಿಯುವ ಈ ಸಂಗತಿಯು ರಂಗದ ಮೇಲೆ ದುರಂತದ ಬೀಜವಾಗುತ್ತದೆ.

ಮನುಷ್ಯನ ಅಭಿಮಾನವು ರಾಜಕಾರಣವನ್ನು ಹೇಗೆ ತಿರುಗಿಸಬಲ್ಲದೆಂಬುದನ್ನು ತೋರಿಸುವುದು ನಾಟಕದ ಹಕ್ಕು. ಹಾಗೆಯೇ ತಿರುಗಿಸಿತೆಂದು ಸಿದ್ಧಪಡಿಸುವ ಹೊಣೆ ಅದರದಲ್ಲ. ಈ ವ್ಯತ್ಯಾಸವನ್ನು ಬೋಧಕರು ತರಗತಿಯಲ್ಲಿ ಬಿಡಿಸಿ ಹೇಳಬೇಕು. ಯುದ್ಧದ ಕಾರಣಗಳನ್ನು ಕುರಿತು ಸಮಕಾಲೀನರ ಸಾಕ್ಷ್ಯವೂ ಶೋಧನೆಗೆ ಹೊರತಲ್ಲ. ಕ್ರಿ.ಶ. 1567ರಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಇಬ್ಬರು ಮುಸಲ್ಮಾನ ದಳಪತಿಗಳ ದ್ರೋಹದಿಂದ ಸೋಲುಂಟಾಯಿತೆಂದು ಹೇಳುತ್ತಾನೆ. ಅವನು ಯುದ್ಧವನ್ನು ಕಂಡವನಲ್ಲ. ಸೋತ ಊರಿನಲ್ಲಿ ಎರಡು ವರ್ಷಗಳ ತರುವಾಯ ಕೇಳಿದವನು. ಪ್ರವಾಸಿಯ ಮಾತನ್ನೇ ಹೀಗೆ ತೂಗಬೇಕಾಗಿರುವಾಗ ನಾಲ್ಕೂವರೆ ಶತಮಾನಗಳ ಅನಂತರದ ಸಂಭಾಷಣೆಯನ್ನು ಪ್ರಮಾಣವೆಂದು ಎತ್ತಿ ಬರೆಯುವುದು ಎಷ್ಟರ ಮಟ್ಟಿಗೆ ಸರಿ?

ಮೂರನೆಯದು ಶ್ರೀ ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ' ಎಂಬ ಕಾದಂಬರಿ (2019). ಲಿಸ್ಬನ್ನಿನ ತೇಜೋ ನದಿಯ ದಡವೂ ನಮ್ಮ ತುಂಗಭದ್ರೆಯ ದಡವೂ ಇದರ ಎರಡು ರಂಗಸ್ಥಳಗಳು. ಪೋರ್ಚುಗಲ್ಲಿನ ಯಹೂದ್ಯರು 1497ರಲ್ಲಿ ಬಲಾತ್ಕಾರದ ಮತಾಂತರಕ್ಕೆ ಗುರಿಯಾದುದು, 1506ರಲ್ಲಿ ಲಿಸ್ಬನ್ನಿನಲ್ಲಿ ಯಹೂದ್ಯ ಮೂಲದವರ ಕೊಲೆ ನಡೆದುದು, 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದುದು, ಇವೆಲ್ಲ ಸುಪ್ರಸಿದ್ಧ ಸಂಗತಿಗಳು. ನಮ್ಮ ಪಠ್ಯಗಳಲ್ಲಿ ಇವು ಯೂರೋಪಿನ ಅಧ್ಯಾಯದಲ್ಲಿಯೂ ಕೃಷ್ಣದೇವರಾಯನ ದಿಗ್ವಿಜಯಗಳು ಭಾರತದ ಅಧ್ಯಾಯದಲ್ಲಿಯೂ ಪ್ರತ್ಯೇಕವಾಗಿ ಬಿದ್ದಿರುತ್ತವೆ. ಇವು ಒಂದೇ ಕಾಲದವೆಂಬ ಅರಿವನ್ನು ಸಾಧಾರಣ ಓದುಗನಲ್ಲಿ ಮೂಡಿಸಿರುವುದು ಈ ಕಾದಂಬರಿಯ ದೊಡ್ಡ ಉಪಕಾರ. ಈಟನ್ನರ ಗ್ರಂಥದಲ್ಲಿ ನಾವು ಕಾಣದ ಸಾಮಾನ್ಯ ಜನ ಇಲ್ಲಿ ಕಥೆಯ ನಡುವೆಯೇ ಇದ್ದಾರೆ.

ಕಾದಂಬರಿಯಲ್ಲಿ ಬರುವ ಆಚಾರಗಳ ವಿಷಯದಲ್ಲಿ ಮಾತ್ರ ಎಚ್ಚರ ಅವಶ್ಯ. ಸಹಗಮನವನ್ನು ಪೋರ್ಚುಗೀಸ್ ವರ್ತಕ ನೂನಿಜನು ವಿವರವಾಗಿ ವರ್ಣಿಸಿದ್ದಾನೆ. ಆ ಚಿತ್ರಕ್ಕೆ ಸಮೀಪಕಾಲದ ಆಧಾರವುಂಟು. ಒಡೆಯನಿಗಾಗಿ ಪ್ರಾಣಾರ್ಪಣೆಯ ಪಣತೊಡುವ ಲೆಂಕರ ವಿಷಯ ಬೇರೆ. ಅದರ ಪ್ರಸಿದ್ಧ ಸಾಕ್ಷ್ಯವಾದ ಹಳೇಬೀಡಿನ ಕುವರಲಕ್ಷ್ಮನ ಸ್ತಂಭಶಾಸನವು ಹೊಯ್ಸಳ ವೀರಬಲ್ಲಾಳನ ಕಾಲಕ್ಕೆ ಸಂಬಂಧಿಸಿದುದು. ಹದಿಮೂರನೆಯ ಶತಮಾನದ ಸಾಕ್ಷ್ಯವನ್ನು ಹದಿನಾರನೆಯ ಶತಮಾನಕ್ಕೆ ಎಷ್ಟರಮಟ್ಟಿಗೆ ಅನ್ವಯಿಸಬಹುದೆಂಬ ಪ್ರಶ್ನೆಯನ್ನು ಕಾದಂಬರಿಕಾರರು ಎತ್ತಬೇಕಾಗಿಲ್ಲ. ಓದುವ ವಿದ್ಯಾರ್ಥಿ ಎತ್ತಲೇಬೇಕು.

ಹಾಗಾದರೆ ನಾಟಕ ಕಾದಂಬರಿಗಳನ್ನು ಇತಿಹಾಸದ ತರಗತಿಯಿಂದ ಹೊರಗಿಡಬೇಕೆ? ಕೂಡದೆಂದೇ ನಮ್ಮ ಅಭಿಪ್ರಾಯ. ಶಾಸನವು ದಾನವನ್ನು ಹೇಳುತ್ತದೆ, ದಾನಿಯ ಮನಸ್ಸನ್ನು ಹೇಳುವುದಿಲ್ಲ. ಆ ಮನಸ್ಸಿನ ಕಡೆಗೆ ವಿದ್ಯಾರ್ಥಿಯ ಕುತೂಹಲವನ್ನು ತಿರುಗಿಸಬಲ್ಲದ್ದು ಸಾಹಿತ್ಯ. ಆ ಕುತೂಹಲವು ಅವನನ್ನು ಪುನಃ ಶಾಸನದ ಬಳಿಗೆ, ಫೆರಿಸ್ತಾ ನೂನಿಜರ ಬಳಿಗೆ ಕರೆದೊಯ್ದರೆ ಕಾದಂಬರಿ ಓದಿದ್ದು ಸಾರ್ಥಕ. ಅಲ್ಲಿಗೇ ನಿಂತುಬಿಟ್ಟರೆ, ತಾಳಿಕೋಟೆಯನ್ನು ಕುರಿತು ಯಾರು ಗಟ್ಟಿಯಾಗಿ ಹೇಳಿದರೋ ಅವರ ಮಾತೇ ಇತಿಹಾಸವಾಗುತ್ತದೆ. ಅದರ ಫಲವನ್ನು ತರಗತಿಯ ಹೊರಗಿನ ಸಮಾಜವೂ ಉಣ್ಣಬೇಕಾಗುತ್ತದೆ. ಮೂರು ಗ್ರಂಥಗಳನ್ನೂ ಕಾಲೇಜು ಗ್ರಂಥಾಲಯಗಳು ತರಿಸಿಕೊಳ್ಳಲಿ. ಪ್ರತಿಯೊಂದನ್ನು ಓದುವಾಗಲೂ 'ಇದನ್ನು ಇವರು ಹೇಗೆ ಬಲ್ಲರು?' ಎಂದು ಕೇಳುವ ಅಭ್ಯಾಸವನ್ನು ಅಧ್ಯಾಪಕರು ವಿದ್ಯಾರ್ಥಿಗಳಲ್ಲಿ ಬೆಳೆಸಲೆಂದು ನಮ್ಮ ವಿನಂತಿ.